ಜೋಗುಪಾಳ್ಯದಲ್ಲಿ ಯಾರಿಗೂ ಮಂಡಿನೋವಿಲ್ಲ

ಮುನಿರಾಜಪ್ಪ ಹೇಳಿದ್ದು ಒಂದೇ ಒಂದು ಸುಳ್ಳು. ಅದನ್ನೂ ಬೇಕೂಂತ ಹೇಳಿದ್ದಲ್ಲ, ಸುಸ್ತಾಗಿ ಹೇಳಿದ್ದು. "ನಿಂದು ಅಸಲಿ ಮಾತ್ರೆ ಅತ್ತೆ, ಸುಮ್ನೆ ನುಂಗು" ಅಂದಿದ್ದ. ಅಷ್ಟಕ್ಕೇ ಇಷ್ಟೆಲ್ಲ ಆಯಿತು.

ಅವನ ಕೆಲಸವೇ ಅಂಥದ್ದು. ಹಲಸೂರಿನ ಒಂದು ಸಂಶೋಧನಾ ಸಂಸ್ಥೆಯವರು ಮಂಡಿನೋವಿನ ಹೊಸ ಮಾತ್ರೆಯೊಂದನ್ನು ಪರೀಕ್ಷೆ ಮಾಡುತ್ತಿದ್ದರು. ಜೋಗುಪಾಳ್ಯದ ಮಂಡಿನೋವಿನವರನ್ನೆಲ್ಲ ಸೇರಿಸಿ, ಚೀಟಿ ಎತ್ತಿದ ಹಾಗೆ ಕಂಪ್ಯೂಟರಿನಲ್ಲಿ ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಅಸಲಿ ಮಾತ್ರೆ, ಇನ್ನೊಂದಕ್ಕೆ ಡಮ್ಮಿ. ಡಮ್ಮಿ ಅಂದರೆ ಒಳಗೆ ಔಷಧಿಯೇ ಇಲ್ಲದ ಬರೀ ಹಿಟ್ಟು. ನೋಡುವುದಕ್ಕೆ ಎರಡೂ ಒಂದೇ ಬಣ್ಣ, ಒಂದೇ ಗಾತ್ರ, ನಾಲಿಗೆಗೆ ಒಂದೇ ಕಹಿ. ಯಾರಿಗೆ ಯಾವುದು ಅಂತ ನುಂಗುವವರಿಗೂ ಗೊತ್ತಿಲ್ಲ, ಮನೆಮನೆಗೆ ಕೊಂಡುಹೋಗಿ ಕೊಡುವ ಮುನಿರಾಜಪ್ಪನಿಗೂ ಗೊತ್ತಿಲ್ಲ, ಡಾಕ್ಟರು ಯಮುನಾ ಮೇಡಂಗೂ ಗೊತ್ತಿಲ್ಲ. ಗೊತ್ತಾದರೆ ಮನಸ್ಸೇ ನೋವನ್ನು ಹೆಚ್ಚುಕಮ್ಮಿ ಮಾಡಿಬಿಡುತ್ತದಂತೆ. ಅದಕ್ಕೇ ಲೆಕ್ಕ ನೋಡುವ ಅಫ್ಜಲ್ ಸಾರ್ ಆ ಗುಟ್ಟನ್ನು ಕಂಪ್ಯೂಟರಿನೊಳಗೆ ಬೀಗ ಹಾಕಿ ಇಟ್ಟಿದ್ದರು. ಎಲ್ಲ ಅಳತೆ ಮುಗಿದ ಮೇಲೆಯೇ ಅದನ್ನು ತೆಗೆಯುವುದು.

ಇದನ್ನು ಮುನಿರಾಜಪ್ಪ ಪ್ರತಿ ಬಾಗಿಲಲ್ಲೂ ಬಾಯಿ ಒಣಗುವ ತನಕ ಹೇಳಿದ್ದ. ಒಬ್ಬರೂ ನಂಬಲಿಲ್ಲ. ಕೊಡುವವನಿಗೇ ಗೊತ್ತಿಲ್ಲ ಅಂದರೆ ಯಾರಾದರೂ ನಂಬುತ್ತಾರಾ, ಹೇಳಿ? ಟೈಲರ್ ಸಕ್ಲೇನ್ ಬಿರಿಯಾನಿ ತಿನ್ನಿಸಿ ಕೇಳಿದ. ಕಾಕ್ಸ್‌ಟೌನಿನ ಫ್ಲ್ಯಾಟೊಂದರಲ್ಲಿ ವಾಚ್‌ಮ್ಯಾನ್ ಆಗಿದ್ದ ನಿಂಗಣ್ಣ ಏನೂ ತಿನ್ನಿಸದೆ ಬೈದು ಕೇಳಿದ. ಇನ್ನು ಅತ್ತೆ ದೊಡ್ಡಮುನಿಯಮ್ಮ. ಆಕೆ ಹೆಂಡತಿಯ ತಾಯಿ ಮಾತ್ರವಲ್ಲ, ಅವನ ಅಪ್ಪನ ಒಡಹುಟ್ಟಿದವಳು, ಅವನನ್ನು ಎತ್ತಿ ಆಡಿಸಿದವಳು. ಆಕೆ ಕೇಳಲಿಲ್ಲ, ಅತ್ತಳು. ಸ್ವಂತ ಅಳಿಯನೇ ತನಗೆ ಹಿಟ್ಟು ನುಂಗಿಸುತ್ತಿದ್ದಾನೆ ಅಂತ ಬೀದಿಗೆಲ್ಲ ಕೇಳುವ ಹಾಗೆ ಅತ್ತು, ನಾಳೆಯಿಂದ ಮಾತ್ರೆ ಮುಟ್ಟುವುದಿಲ್ಲ ಅಂದಳು. ಹಾಗೆ ಮಧ್ಯದಲ್ಲಿ ಕೈಬಿಡುವವರು ಹೆಚ್ಚಾದರೆ ಲೆಕ್ಕವೇ ಕೆಡುತ್ತದೆ ಅಂತ ಅಫ್ಜಲ್ ಸಾರ್ ಮೊದಲೇ ಎಚ್ಚರಿಸಿದ್ದರು. ಆಗ ಬಾಯಿಂದ ಬಿದ್ದದ್ದು ಆ ಸುಳ್ಳು. ಅತ್ತೆ ಕಣ್ಣೊರೆಸಿಕೊಂಡು ಮಾತ್ರೆ ನುಂಗಿದಳು. ಮದ್ದು ಇಷ್ಟು ಸುಲಭವಾ ಅನ್ನಿಸಿ ಮುನಿರಾಜಪ್ಪ ಅದನ್ನೇ ಸಕ್ಲೇನ್‌ಗೂ ಹೇಳಿದ, ನಿಂಗಣ್ಣನಿಗೂ ಹೇಳಿದ, ಯಾರಿಗೂ ಹೇಳಬೇಡಿ ಅಂತ ಆಣೆ ಹಾಕಿಸಿಕೊಂಡು ಆ ಬೀದಿಯ ಎಲ್ಲರಿಗೂ ಹೇಳಿದ.

ಅವನಿಗೆ ಈ ಮಾತ್ರೆ ಗೆಲ್ಲಲೇಬೇಕಾಗಿತ್ತು. ಮದುವೆಯಾದಾಗಿನಿಂದ ಅವನದು ಗುತ್ತಿಗೆ ಕೆಲಸವೇ. ಸೊಳ್ಳೆ ಸರ್ವೆ, ಪೋಲಿಯೋ ಹನಿ, ಜನಗಣತಿ, ಕೊರೋನಾ ಡ್ಯೂಟಿ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದಕ್ಕೆ ಅಲೆಯಬೇಕು. ಈ ಮಾತ್ರೆ ಡಮ್ಮಿಗಿಂತ ಮೇಲು ಅಂತ ಲೆಕ್ಕದಲ್ಲಿ ಬಂದರೆ ಮುಂದಿನ ದೊಡ್ಡ ಪರೀಕ್ಷೆ ಕೆ.ಆರ್. ಪುರದಲ್ಲಿ, ಅದಕ್ಕೆ ನಿಮ್ಮನ್ನೇ ಪರ್ಮನೆಂಟ್ ಮಾಡಿಕೊಳ್ಳುತ್ತೇವೆ ಅಂತ ಯಮುನಾ ಮೇಡಂ ಮಾತು ಕೊಟ್ಟಿದ್ದರು. ಪರ್ಮನೆಂಟ್ ಅನ್ನುವುದು ಕಿವಿಗೆ ಬಿದ್ದದ್ದೇ ಹೆಂಡತಿ ಭಾಗ್ಯಲಕ್ಷ್ಮಿ ಶಾವಿಗೆ ಪಾಯಸ ಮಾಡಿದ್ದಳು. ಮುನಿರಾಜಪ್ಪನ ಮಂಡಿಯೂ ನೋಯುತ್ತಿತ್ತು ಅನ್ನಿ. ಆದರೆ ಸಿಬ್ಬಂದಿಗೆ ಮಾತ್ರೆ ಕೊಡುವ ಹಾಗಿರಲಿಲ್ಲ.

ಇವತ್ತು ಕೊನೆಯ ಅಳತೆ. ಎಲ್ಲರೂ ಆಫೀಸಿಗೆ ಬಂದು ತಮ್ಮ ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಮೇಡಂಗೆ ಹೇಳಬೇಕು. ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ತಡೆಯುವುದಕ್ಕೇ ಆಗುವುದಿಲ್ಲ. ಸಂಜೆ ಗುಟ್ಟು ತೆಗೆದು ಎರಡು ಗುಂಪನ್ನೂ ಹೋಲಿಸುವುದು.

ಬೆಳಿಗ್ಗೆ ಮುನಿರಾಜಪ್ಪ ಇನ್ನೂ ಹಲ್ಲುಜ್ಜುತ್ತಿದ್ದಾಗಲೇ ಸಕ್ಲೇನ್ ಬಂದು ಗೇಟು ಹಿಡಿದು ನಿಂತ.

"ಗುರು, ಹಾಲಿನ ಬೂತಲ್ಲಿ ನಿಮ್ಮತ್ತೆ ಸಿಕ್ಕಿದ್ರು. ಅವರದೂ ಅಸಲಿಯಂತೆ. ನಿಂಗಣ್ಣಂದೂ ಅಸಲಿಯಂತೆ. ಹಂಗಾದ್ರೆ ಡಮ್ಮಿ ತಿಂತಿರೋರು ಯಾರು, ನೀನಾ?"

ಮುನಿರಾಜಪ್ಪ ಬಾಯಲ್ಲಿದ್ದ ಪೇಸ್ಟನ್ನು ನುಂಗಿಬಿಟ್ಟ. ಇವತ್ತು ಮೇಡಂನೇ ಕೇಳಿಬಿಡ್ತೀನಿ ಅಂತ ಸಕ್ಲೇನ್ ಹೊರಟ. ಮುನಿರಾಜಪ್ಪ ಅವನ ತೋಳು ಹಿಡಿದು ನೀರಿನ ತೊಟ್ಟಿಯ ಮರೆಗೆ ಎಳೆದುಕೊಂಡ.

"ದೇವರಾಣೆ ನಂಗೊತ್ತಿಲ್ಲ ಮಗಾ. ಎಲ್ಲಾರ್ಗೂ ಸುಮ್ನೆ ಹೇಳ್ದೆ. ಅದು ಮೇಡಂಗೆ ಗೊತ್ತಾದ್ರೆ ಇವತ್ತೇ ಮನೆಗೆ ಕಳಿಸ್ತಾರೆ. ಈ ಮಾತ್ರೆ ಪಾಸಾದ್ರೆ ನನ್ನ ಕೆಲ್ಸ ಪರ್ಮನೆಂಟು. ನಿನ್ನ ಕಾಲಿಗೆ ಬೀಳ್ತೀನಿ."

ಸಕ್ಲೇನ್ ತೋಳು ಬಿಡಿಸಿಕೊಂಡ. "ಮಾತ್ರೆ ಪಾಸಾಗೋದು ಹೆಂಗೆ?"

"ನೋವು ಕಮ್ಮಿ ಆಗ್ಬೇಕು."

"ಅಷ್ಟೇನಾ?"

"ಅಷ್ಟೇ" ಅಂದ ಮುನಿರಾಜಪ್ಪ. ಹೊತ್ತಾಗಿತ್ತು, ಮೂತಿಯ ತುಂಬ ನೊರೆ ಇತ್ತು, ಅದಕ್ಕಿಂತ ಹೆಚ್ಚಿಗೆ ವಿವರಿಸುವ ತ್ರಾಣ ಇರಲಿಲ್ಲ.

ಅಲ್ಲಿಂದ ಕಾಕ್ಸ್‌ಟೌನಿಗೆ ಹೊರಟ. ಬಸ್ಸು ಬರಲಿಲ್ಲ, ಆಟೋದವರು ಅವನ ಮುಖ ನೋಡಿ ಮುಂದಕ್ಕೆ ಹೋದರು. ಹಲಸೂರು ಕೆರೆಯ ಪಕ್ಕದಲ್ಲಿ ಒಂದೊಂದು ಬೆಂಚಿನಲ್ಲೂ ಕೂತು ಎದ್ದು, ಮಂಡಿ ಹಿಡಿದುಕೊಂಡು, ಅಂತೂ ನಡೆದೇ ಹೋದ. ಫ್ಲ್ಯಾಟಿನ ಗೇಟಿನಲ್ಲಿ ನಿಂಗಣ್ಣ ಕಾಲು ಚಾಚಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಎಲ್ಲರಿಗೂ ಅಸಲಿ ಅಂತಲೇ ಹೇಳಿರುವ ಸುದ್ದಿಯನ್ನು ದೊಡ್ಡಮುನಿಯಮ್ಮ ಆಗಲೇ ಫೋನಿನಲ್ಲಿ ಮುಟ್ಟಿಸಿಯಾಗಿತ್ತು. ಆ ಮಾತ್ರೆ ತಿಂದೂ ತಿಂದೂ ತನ್ನ ಮಂಡಿ ಈ ಗೇಟಿನ ಹಾಗೆ ಕಿರುಗುಡುತ್ತಿದೆ, ಇವತ್ತು ಮೇಡಂ ಮುಂದೆ ಹತ್ತು ಅಂತಲೇ ಹೇಳುತ್ತೇನೆ, ಹತ್ತಕ್ಕಿಂತ ಮೇಲೆ ಇದ್ದರೆ ಅದನ್ನೂ ಹೇಳುತ್ತೇನೆ ಅಂತ ನಿಂಗಣ್ಣ ಕೂಗಾಡಿದ. ಕಾರು ಬಂದಾಗ ಎದ್ದು ಗೇಟು ತೆಗೆದು ಸೆಲ್ಯೂಟ್ ಹೊಡೆಯುವುದು, ಬಂದು ಕೂತು ಮತ್ತೆ ಬೈಯುವುದು. ಮುನಿರಾಜಪ್ಪ ಇಲ್ಲಿಯೂ ಅದೇ ಕತೆ ಹೇಳಿದ. ಪರ್ಮನೆಂಟ್ ಅನ್ನುವಾಗ ನಿಂಗಣ್ಣನ ಎರಡೂ ಕೈ ಹಿಡಿದುಕೊಂಡ.

ನಿಂಗಣ್ಣ ಟೋಪಿ ತೆಗೆದು ತಲೆ ಕೆರೆದುಕೊಂಡ. "ನೀವು ಹೋಗಿ ಮುನಿರಾಜಣ್ಣ. ನಾನು ನೋಡ್ಕೋತೀನಿ" ಅಂದ.

ಆ ಮಾತು ಕೇಳಿ ಮುನಿರಾಜಪ್ಪನಿಗೆ ಭಯ ಇನ್ನೂ ಹೆಚ್ಚಾಯಿತು. ಜನ ನೋಡ್ಕೋತೀನಿ ಅಂದ ಮೇಲೆ ಏನೇನಾಗುತ್ತದೆ ಅಂತ ಅವನು ಬೇಕಾದಷ್ಟು ಕಂಡಿದ್ದ.

ವಾಪಸ್ಸು ಬಂದಾಗ ಸಕ್ಲೇನನ ಅಂಗಡಿಯ ಶಟರ್ ಅರ್ಧಕ್ಕೆ ಇಳಿದಿತ್ತು. ಬ್ಲೌಸಿಗೆ ಕಾಯುತ್ತಿದ್ದ ಹೆಂಗಸು, ಟೈಲರು ದೊಡ್ಡಮುನಿಯಮ್ಮನ ಮನೆಯಲ್ಲಿ ಮೀಟಿಂಗಿಗೆ ಹೋಗಿದ್ದಾನೆ ಅಂದಳು. ಏನು ಮೀಟಿಂಗು? ಮುನಿರಾಜಪ್ಪ ಓಡಿದ. ಓಡಿದ ಅನ್ನುವುದು ದೊಡ್ಡ ಮಾತು, ಕುಂಟುತ್ತಾ ಬೇಗಬೇಗ ಹೋದ. ಅತ್ತೆಯ ಬಾಗಿಲಲ್ಲಿ ಚಪ್ಪಲಿ ರಾಶಿ ಬಿದ್ದಿತ್ತು. ಒಳಗೆ ಬೀದಿಯ ಮಂಡಿನೋವಿನವರೆಲ್ಲ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದರು. ಅವನು ತಲೆ ಹಾಕಿದ ಕೂಡಲೇ ಮಾತು ನಿಂತುಹೋಯಿತು.

"ನೀನು ಆಫೀಸಿಗೆ ನಡಿ" ಅಂದಳು ದೊಡ್ಡಮುನಿಯಮ್ಮ. ಹುಡುಗನಾಗಿದ್ದಾಗ ಬೆಲ್ಲ ಕದ್ದು ಸಿಕ್ಕಿಬಿದ್ದ ದಿನವೂ ಆಕೆ ಇದೇ ದನಿಯಲ್ಲಿ ಮಾತಾಡಿದ್ದಳು. ಒಟ್ಟಾಗಿ ದೂರು ಕೊಡುವುದಕ್ಕೆ ಹೊರಟಿದ್ದಾರೆ ಅನ್ನುವುದರಲ್ಲಿ ಅವನಿಗೆ ಅನುಮಾನ ಉಳಿಯಲಿಲ್ಲ. ಕೊನೆಗೆ ಸ್ವಂತ ಅತ್ತೆಯೂ ಸೇರಿಕೊಂಡಳಲ್ಲ ಅಂತ ಸಂಕಟವಾಯಿತು.

ಮಂಡಿನೋವಿನ ಸಂಶೋಧನೆಗೆ ಎರಡನೇ ಮಹಡಿಯಲ್ಲಿ ಆಫೀಸು ಮಾಡಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಲಿಫ್ಟು ಕೆಟ್ಟು ಎಷ್ಟೋ ಕಾಲವಾಗಿತ್ತು. ಮುನಿರಾಜಪ್ಪ ಗೋಡೆ ಹಿಡಿದುಕೊಂಡು ಮೇಲೆ ಹತ್ತಿ, ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತು, ತನ್ನ ಗುತ್ತಿಗೆ ಮುಗಿಯುವುದನ್ನು ಕಾದ. ಸ್ವಲ್ಪ ಹೊತ್ತಿಗೆ ಮೆಟ್ಟಿಲಲ್ಲಿ ಸದ್ದಾಯಿತು. ಮೆರವಣಿಗೆಯೇ ಬರುತ್ತಿತ್ತು. ಎಲ್ಲರಿಗಿಂತ ಮುಂದೆ ದೊಡ್ಡಮುನಿಯಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಂಬಿಯನ್ನು ಮುಟ್ಟದೆ, ದಡದಡ ಹತ್ತಿ ಬಂದಳು. ಮುನಿರಾಜಪ್ಪ ಬಾಯಿ ಬಿಟ್ಟುಕೊಂಡು ನೋಡಿದ.

ಯಮುನಾ ಮೇಡಂ ನೋವು ಎಷ್ಟಿದೆ ಅಂತ ಕೇಳಿದರು.

"ಸೊನ್ನೆ ತಾಯಿ" ಅಂದಳು ದೊಡ್ಡಮುನಿಯಮ್ಮ.

ಸಕ್ಲೇನ್ ಸೊನ್ನೆ ಅಂದ. ಸಾಲದು ಅಂತ, ಹೊಲಿಗೆ ಮಿಷನ್ನು ತುಳಿಯುವ ಹಾಗೆ ನಿಂತಲ್ಲೇ ಕಾಲಾಡಿಸಿ ತೋರಿಸಿದ. ನಿಂಗಣ್ಣನಂತೂ ಬಸ್ಕಿ ಹೊಡೆದ. ಏಳುವಾಗ ಅವನ ಕಣ್ಣಲ್ಲಿ ನೀರು ಬಂತು. ಖುಷಿಗೆ ಮೇಡಂ, ಅಂದ. ಮೇಡಂ ಕಣ್ಣೂ ಒದ್ದೆಯಾಯಿತು. ಬಂದವರೆಲ್ಲ ಸೊನ್ನೆ, ಸೊನ್ನೆ ಅಂತ ಹೇಳುತ್ತಾ ಹೋದರು. ದೂರು ಹೇಳಿದವರು ಒಬ್ಬರೂ ಇಲ್ಲ. ಮುನಿರಾಜಪ್ಪನಿಗೆ ಹೋದ ಜೀವ ಬಂದ ಹಾಗಾಯಿತು. ಅರ್ಧ ಜನ ನುಂಗಿದ್ದು ಹಿಟ್ಟಲ್ಲವಾ, ಎಲ್ಲರಿಗೂ ಹೇಗೆ ವಾಸಿಯಾಯಿತು ಅಂತ ಒಂದು ಯೋಚನೆ ಬಂದಿದ್ದೇನೋ ನಿಜ. ಬಂದ ದಾರಿಯಲ್ಲೇ ಅದನ್ನು ಕಳಿಸಿ, ಭಾಗ್ಯಲಕ್ಷ್ಮಿಗೆ ಫೋನು ಮಾಡಿ, ಕೆಲಸ ಆದ ಹಾಗೇ ಅಂತ ಹೇಳಿಬಿಟ್ಟ.

ಸಂಜೆ ಅಫ್ಜಲ್ ಸಾರ್ ಬೀಗ ತೆಗೆದರು. ಕಂಪ್ಯೂಟರನ್ನು ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದರು. ಆಮೇಲೆ ಕುರ್ಚಿಗೆ ಒರಗಿ ಕೂತರು.

"ಎಲ್ಲಾರ್ಗೂ ವಾಸಿ ಆಗಿದೆ ಸಾರ್" ಅಂತ ಮುನಿರಾಜಪ್ಪ ನೆನಪಿಸಿದ.

"ಅದೇ ಕಷ್ಟ ಆಗಿರೋದು ಮುನಿರಾಜಪ್ಪ. ಅಸಲಿ ತಿಂದವರಿಗೂ ಸೊನ್ನೆ, ಹಿಟ್ಟು ತಿಂದವರಿಗೂ ಸೊನ್ನೆ. ಹಿಟ್ಟಿಗಿಂತ ನಮ್ಮ ಮಾತ್ರೆ ಮೇಲು ಅಂತ ಯಾವ ಮುಖ ಇಟ್ಕೊಂಡು ಬರೀಲಿ?"

ಮಧ್ಯದಲ್ಲಿ ಒಮ್ಮೆ ಅಳೆದಾಗ ಅಸಲಿ ಗುಂಪಿನವರ ನೋವು ಚೆನ್ನಾಗಿಯೇ ಇಳಿದಿತ್ತು, ಡಮ್ಮಿಯವರದು ಇದ್ದ ಹಾಗೇ ಇತ್ತು ಅಂತ ಅಫ್ಜಲ್ ಸಾರ್ ತೋರಿಸಿದರು. ಡಮ್ಮಿಯವರಿಗೆ ನೋವು ಉಳಿದಿದ್ದರೆ ಮಾತ್ರೆ ಗೆದ್ದ ಹಾಗೇ ಇತ್ತು. ಆದರೆ ಮೊದಲೇ ಮಾಡಿಕೊಂಡ ನಿಯಮದ ಪ್ರಕಾರ ಕೊನೆಯ ಅಳತೆಯೇ ಲೆಕ್ಕ. ಯಾರಿಗಾದರೂ ಏನಾದರೂ ಹೇಳಿದ್ದಿರಾ ಅಂತ ಅವರು ಮೆಲ್ಲಗೆ ಕೇಳಿದರು. ಮುನಿರಾಜಪ್ಪ ಇಲ್ಲ ಅಂತ ತಲೆಯಾಡಿಸಿದ. ಕೆ.ಆರ್. ಪುರದ ಪರೀಕ್ಷೆ ಇನ್ನು ನಡೆಯುವುದಿಲ್ಲ, ಈ ತಿಂಗಳ ಕೊನೆವರೆಗೆ ಬನ್ನಿ, ಮುಂದೆ ಏನಾದರೂ ಇದ್ದರೆ ಕರೆಯುತ್ತೇವೆ ಅಂತ ಯಮುನಾ ಮೇಡಂ ಅವನ ಮುಖ ನೋಡದೆ ಹೇಳಿದರು.

ಅವನು ಬಾಗಿಲ ತನಕ ಹೋಗಿ ತಿರುಗಿದ. "ಸಾರ್, ನಮ್ಮತ್ತೇದು ಯಾವ್ದು?"

"ಡಮ್ಮಿ" ಅಂದರು ಅಫ್ಜಲ್ ಸಾರ್. ನಿಂಗಣ್ಣನದೂ ಡಮ್ಮಿಯಂತೆ. ಸಕ್ಲೇನನದು ಅಸಲಿ.

ದಾರಿಯುದ್ದಕ್ಕೂ ಮುನಿರಾಜಪ್ಪ ತನ್ನನ್ನೇ ಬೈದುಕೊಂಡ. ಅಸಲಿ ಅಂತ ತಾನು ಹೇಳಿದ ಒಂದು ಮಾತಿಗೇ ಅತ್ತೆಯ ಮಂಡಿ ವಾಸಿಯಾಯಿತು, ನಿಂಗಣ್ಣ ಬಸ್ಕಿ ಹೊಡೆದ. ತಾನೇ ಊರಿಗೆಲ್ಲ ಮದ್ದು ಕೊಟ್ಟು ತನ್ನ ಅನ್ನಕ್ಕೆ ಕಲ್ಲು ಹಾಕಿಕೊಂಡೆ ಅಂದುಕೊಂಡ. ಹೋಗಲಿ, ಅತ್ತೆಯ ನೋವಾದರೂ ಹೋಯಿತಲ್ಲ. ಅಷ್ಟೇ ಸಮಾಧಾನ ಉಳಿದಿತ್ತು.

ಮನೆಯ ಗೇಟಿನ ಹತ್ತಿರ ಬರುವಾಗಲೇ ನೀಲಗಿರಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಜಗಲಿಯ ಮೇಲೆ ದೊಡ್ಡಮುನಿಯಮ್ಮ ಕಾಲು ಚಾಚಿ ಮುಲುಗುತ್ತಿದ್ದಳು. ಭಾಗ್ಯಲಕ್ಷ್ಮಿ ಬಿಸಿ ಉಪ್ಪಿನ ಗಂಟು ಹಿಡಿದು ತಾಯಿಯ ಮಂಡಿಗೆ ಶಾಖ ಕೊಡುತ್ತಿದ್ದಳು. ಪಕ್ಕದಲ್ಲಿ ನಿಂಗಣ್ಣ ಪ್ಯಾಂಟು ಮೇಲಕ್ಕೆ ಮಡಚಿಕೊಂಡು ಕೂತಿದ್ದ, ಸಕ್ಲೇನ್ ಅವನಿಗೆ ಎಣ್ಣೆ ತಿಕ್ಕುತ್ತಿದ್ದ.

"ಯಾಕತ್ತೆ, ಸೊನ್ನೆ ಅಂದ್ಯಲ್ಲ?" ಅಂದ ಮುನಿರಾಜಪ್ಪ.

"ಅಂದೆ ಕಣಪ್ಪ. ನೋವು ಕಮ್ಮಿ ಆದ್ರೆ ನಿನ್ನ ಕೆಲ್ಸ ಪರ್ಮನೆಂಟ್ ಅಂತ ಸಕ್ಲೇನ್ ಬಂದು ಹೇಳ್ದ. ಅದಕ್ಕೇ ಎಲ್ಲಾರ್ನೂ ಕೂರ್ಸಿ ಹೇಳ್ದೆ, ಪ್ರಾಣ ಹೋದ್ರೂ ಸೊನ್ನೆ ಅನ್ಬೇಕು ಅಂತ. ಆ ಮೆಟ್ಲು ಹತ್ತೋವಾಗ ಸತ್ತೋಗಿರೋ ನಿಮ್ಮಾವ ಕಣ್ಮುಂದೆ ಬಂದು ನಿಂತಿದ್ರು."

ತನಗೇನೋ ಅರ್ಧಕ್ಕರ್ಧ ನಿಜವಾಗಿಯೂ ಕಮ್ಮಿಯಾಗಿದೆ, ಉಳಿದರ್ಧ ನಿನಗೋಸ್ಕರ ಅಂತ ಸಕ್ಲೇನ್ ನಾಚಿಕೊಂಡ. ನಾನು ನೋಡ್ಕೋತೀನಿ ಅಂದಿರಲಿಲ್ಲವಾ ಅಂತ ನಿಂಗಣ್ಣ ಮಂಡಿ ನೀವಿಕೊಂಡ. ಮುನಿರಾಜಪ್ಪನಿಗೆ ಇವರನ್ನೆಲ್ಲ ಹಿಡಿದು ಬಡಿಯಬೇಕು ಅನ್ನಿಸಿತು. ಅದೇ ಉಸಿರಿಗೆ ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಅಳಬೇಕು ಅನ್ನಿಸಿತು. ನೋವು ಇದೆ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಸಾಕಿತ್ತಲ್ಲ ಅತ್ತೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು.

"ಆಯ್ತಾ ಕೆಲ್ಸ?" ದೊಡ್ಡಮುನಿಯಮ್ಮ ಅವನ ಮುಖವನ್ನೇ ನೋಡುತ್ತಾ ಕೇಳಿದಳು. ಉಪ್ಪಿನ ಗಂಟು ಅಲ್ಲೇ ನಿಂತಿತು.

"ಆಯ್ತು ಅತ್ತೆ" ಅಂದ. ಇದೂ ಸುಸ್ತಾಗಿ ಹೇಳಿದ್ದೇ.

ಸಕ್ಲೇನ್ ಎಣ್ಣೆ ಕೈಯಲ್ಲೇ ಅವನನ್ನು ತಬ್ಬಿಕೊಂಡ. ಕೆಲಸ ಪರ್ಮನೆಂಟ್ ಆಯಿತಲ್ಲ, ಹಾಗಾದರೆ ತನಗೆ ಆ ಅಸಲಿ ಮಾತ್ರೆಯನ್ನು ತಿಂಗಳು ತಿಂಗಳೂ ತಂದುಕೊಡಬೇಕು ಅಂದಳು ಅತ್ತೆ. ತನಗೂ ಅಂದ ನಿಂಗಣ್ಣ. ಮುನಿರಾಜಪ್ಪ ಜಗಲಿಯ ಮೇಲೆ ಜಾಗ ಮಾಡಿಕೊಂಡು, ಪ್ಯಾಂಟು ಮಡಚಿ, ತನ್ನ ಮಂಡಿಯನ್ನೂ ಆ ಸಾಲಿನಲ್ಲಿ ಚಾಚಿದ.

ಭಾಗ್ಯಲಕ್ಷ್ಮಿ ಉಪ್ಪಿನ ಗಂಟನ್ನು ಅವನ ಮಂಡಿಗೆ ಇಟ್ಟಳು. ಇಷ್ಟು ವರ್ಷದಲ್ಲಿ ಅವಳ ಮುಖ ಅಷ್ಟು ಅರಳಿದ್ದನ್ನು ಅವನು ನೋಡಿರಲಿಲ್ಲ.

"ಕೆ.ಆರ್. ಪುರ ದೂರ ಅಲ್ವೇನ್ರೀ? ಮುಂದಿನ ತಿಂಗಳಿಂದ ಡಬ್ಬಿ ಎಷ್ಟೊತ್ತಿಗೆ ಕಟ್ಲಿ?"

"ಏಳಕ್ಕೇ ಕಟ್ಟು" ಅಂದ ಮುನಿರಾಜಪ್ಪ. "ಟಿನ್ ಫ್ಯಾಕ್ಟರಿ ಹತ್ರ ಟ್ರಾಫಿಕ್ ಜಾಸ್ತಿ."