ನನಗೆ ಗೊತ್ತಿದ್ದ ಒಂದೇ ಅಲಂಕಾರ

ಗುಬ್ಬಿಯ ನಮ್ಮ ಸೋದರಮಾವನ ಮನೆಯಲ್ಲಿ "ಹಸಿವಿನಿಂದ ಸಾಯ್ತಿದೀನಿ" ಅಂದವರಿಗೆ ಊಟ ಸಿಗುತ್ತಿರಲಿಲ್ಲ. ಅದು ಯಾವ ಅಲಂಕಾರ ಅಂತ ಮೊದಲು ಹೇಳಬೇಕಿತ್ತು! ಮಾವ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಯಾರು ಏನೇ ಮಾತಾಡಲಿ, ಅದಕ್ಕೆ ಮಾರ್ಕ್ಸ್ ಹಾಕುತ್ತಿದ್ದರು. ಈಗ ಆ ಮನೆಯಲ್ಲಿ ಯಾರೂ ಸಾವಿನ ಮಾತು ತಮಾಷೆಗೂ ಎತ್ತುವುದಿಲ್ಲ.

ಹತ್ತನೇ ಕ್ಲಾಸನ್ನು ನಾನು ಅವರ ಮನೆಯಲ್ಲೇ ಇದ್ದು ಓದಿದೆ. ಸಿಮಿಲಿ, ಮೆಟಫರ್ ಒಂದೂ ತಲೆಗೆ ಹತ್ತಲಿಲ್ಲ. ನಾಲಿಗೆಗೆ ಅಂಟಿದ್ದು ಹೈಪರ್ಬಲಿ ಮಾತ್ರ. ಇದ್ದದ್ದನ್ನು ಹತ್ತರಷ್ಟು ಉಬ್ಬಿಸಿ ಹೇಳುವುದು. ಅದು ನಮ್ಮ ಕಡೆ ಯಾರಿಗೆ ಬರುವುದಿಲ್ಲ ಹೇಳಿ? ಹಾಗಾಗಿ ಏನು ಕೇಳಿದರೂ ನನ್ನದು ಅದೇ ಉತ್ತರ.

"ಎಲ್ಲಾ ರೋಗಕ್ಕೂ ಒಂದೇ ಮಾತ್ರೆ ಏನ್ಲಾ?" ಎಂದು ಮಾವ ಸೊನ್ನೆ ಸುತ್ತುತ್ತಿದ್ದರು.

ಅತ್ತೆ ಬಯ್ಯಲು ಶುರುಮಾಡಿದರೆ ಮಾವ ಬೆರಳು ಮಡಚಿ ಸಾಲು ಎಣಿಸುತ್ತಿದ್ದರು. "ಹದಿನಾಲ್ಕಾಯ್ತು, ಸಾನೆಟ್ ಮುಗೀತು, ನಿಲ್ಸೇ!"

"ಇದು ಎಪಿಕ್ಕು ಕಣ್ರೀ, ಇನ್ನೂ ಶುರುನೇ ಆಗಿಲ್ಲ!"

ಪಾಠ ಕೇಳಿ ಕೇಳಿ ಅತ್ತೆಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಎಲಿಜಿ ಅಂದರೆ ಸತ್ತವರಿಗಾಗಿ ಬರೆಯುವ ಪದ್ಯ ಎಂದು ಮಾವ ವಿವರಿಸುತ್ತಿದ್ದಾಗ ಅತ್ತೆ ಅಡುಗೆಮನೆಯಿಂದ ಕೂಗಿದರು: "ನಾನ್ ಹೋದ್ಮೇಲೆ ಬರೀರಂತೆ, ಈಗ ಕಾಯಿ ಸುಲ್ದ್ ಕೊಡಿ!" ಮಾವ ಎದ್ದು ಹೋಗಿ ಸುಲಿದು ಕೊಟ್ಟರು.

ನಾನು ಓದು ಮುಗಿಸಿ ಫ್ಯಾಕ್ಟರಿ ಕೆಲಸಕ್ಕೆ ಸೇರಿ ವರ್ಷಗಳಾದವು. ಈ ಸಲ ಹಬ್ಬಕ್ಕೆ ಹೋದಾಗ ಅತ್ತೆ, "ಹೊಟ್ಟೆನೋವು ಕಣ್ರೀ, ಪ್ರಾಣಾನೇ ಹೋಗ್ತದೆ" ಅಂದರು. ಮಾವ ಪೇಪರಿನಿಂದ ತಲೆ ಎತ್ತದೆ "ಹೈಪರ್ಬಲಿ" ಅಂದರು. ನಾನು ನಕ್ಕೆ. ಆ ನಗು ನೆನೆದರೆ ಈಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಆಮೇಲೆ ಎರಡು ತಿಂಗಳು ಅತ್ತೆ ಹೊಟ್ಟೆಯ ಸುದ್ದಿಯನ್ನೇ ಎತ್ತಲಿಲ್ಲ.

ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ತಡವಾಗಿತ್ತು. ಅಂತರಸನಹಳ್ಳಿಯ ಫ್ಯಾಕ್ಟರಿಗೆ ರಜೆ ಹಾಕಿ ನಾನೂ ಹೋಗಿದ್ದೆ. ಡಾಕ್ಟರು ನಮ್ಮಿಬ್ಬರನ್ನು ಹೊರಗೆ ಕರೆದು, "ಹೆಚ್ಚಂದ್ರೆ ಮೂರು ತಿಂಗಳು" ಅಂದು ಹೊರಟುಹೋದರು.

ಮಾವ ಬೆಂಚಿನ ಮೇಲೆ ಕೂತರು. ನನ್ನ ಕೈ ಹಿಡಿದುಕೊಂಡರು.

"ಲೇ... ಡಾಕ್ಟ್ರು ಈಗ ಅಂದ್ರಲ್ಲ, ಅದ್ಯಾವ ಅಲಂಕಾರ ಹೇಳ್ಲಾ."

ನನಗೆ ಗೊತ್ತಿದ್ದದ್ದು ಒಂದೇ.

"ಹೈಪರ್ಬಲಿ, ಮಾವ."

"ಕರೆಕ್ಟು ಕಣೋ," ಅಂದರು ಮಾವ. ಅಷ್ಟು ವರ್ಷದ ಮೇಷ್ಟ್ರಗಿರಿಯಲ್ಲಿ ತಪ್ಪು ಉತ್ತರಕ್ಕೆ ಅವರು ಕೊಟ್ಟ ಒಂದೇ ಒಂದು ಮಾರ್ಕು ಅದು.