ಒದ್ದೆ ಮೂಲೆಯ ಮೊಕದ್ದಮೆ

ತಟ್ಟೆಯಗಲದ ಒಂದು ಒದ್ದೆ. ಅಷ್ಟೇ. ಭಾನುವಾರ ಬೆಳಿಗ್ಗೆ ಮಹಡಿಯಿಂದ ಇಳಿದು ಬಂದ ಮನೆ ಓನರಮ್ಮನ ಬಲಗಾಲು ಸರಿಯಾಗಿ ಅದರ ಮೇಲೆಯೇ ಬಿತ್ತು. ಆಕೆ ಜಾರಿ ಬಿದ್ದಿದ್ದರೆ ಅಯ್ಯೋ ಪಾಪ ಅನ್ನುವುದರಲ್ಲೇ ಮಾತು ಮುಗಿಯುತ್ತಿತ್ತು. ಆದರೆ ಆಕೆ ಬೀಳಲಿಲ್ಲ. ನಿಂತಲ್ಲೇ ನಿಂತು ತಮ್ಮ ಪಾದವನ್ನೊಮ್ಮೆ, ನಡುಮನೆಯ ಮೂಲೆಯನ್ನೊಮ್ಮೆ, ಆ ಮೂಲೆಯ ಪಕ್ಕದಲ್ಲೇ ಕೂತು ಬಾಲ ಆಡಿಸುತ್ತಿದ್ದ ನಾಯಿಮರಿಯನ್ನೊಮ್ಮೆ ನೋಡಿದರು.

"ಇದು ಎಷ್ಟನೇ ಸಲ?"

"ಚಿಕ್ಕದು ಅಮ್ಮಾ. ಇನ್ನೂ ತಿಳುವಳಿಕೆ ಬಂದಿಲ್ಲ," ಎಂದ ಕೆಳಮನೆಯಲ್ಲಿ ಬಾಡಿಗೆಗಿದ್ದ ಪ್ಲಂಬರ್.

"ನಿನಗಾದ್ರೂ ಬಂದಿದೆಯಲ್ಲಪ್ಪಾ? ನೋಡು, ಸಂಜೆ ಸ್ನಾನ ಮುಗಿಸ್ಕೊಂಡು ಮತ್ತೆ ಬರ್ತೀನಿ. ಈ ಮೂಲೆ ಒಣಗಿರಬೇಕು. ಒದ್ದೆ ಕಂಡ್ರೆ ನಾಳೆ ಬೆಳಿಗ್ಗೆ ಈ ನಾಯಿ ಬೇರೆ ಮನೆ ನೋಡ್ಕೋಬೇಕು. ಅದರ ಹಿಂದೆ ನೀವೂ ಹೋಗ್ತೀರೋ ಬಿಡ್ತೀರೋ, ನಿಮಗೆ ಬಿಟ್ಟಿದ್ದು."

ಅವರು ಒಂದೇ ಕಾಲಿನ ಮೇಲೆ ಭಾರ ಹಾಕಿ ಮೆಟ್ಟಿಲು ಹತ್ತಿ ಹೋದರು. ಪ್ಲಂಬರನ ಹೆಂಡತಿ ಎಂದಿನಂತೆ ಓಡಿ ಬಂದು ಮೂಲೆಗೆ ಫಿನೈಲ್ ಸುರಿದು ಒರೆಸಿದಳು. ಮರಿ ಆ ಬಟ್ಟೆಯ ಜೊತೆ ಜಗ್ಗಾಡಿತು. ಅದಕ್ಕೇನು ಗೊತ್ತು, ತನ್ನ ಮೇಲೆ ಮೊಕದ್ದಮೆ ನಡೆಯುತ್ತಿದೆ ಅಂತ.

ಪ್ಲಂಬರ್ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಒಂದೇ ಒಂದು ದೌರ್ಬಲ್ಯ. ಯಾವ ಕೆಲಸವನ್ನೂ ಪೂರ್ತಿ ಮುಗಿಸುವ ಮುಂಚೆಯೇ ಅವನ ಮನಸ್ಸು ಮುಂದಿನ ಮನೆಗೆ ಹೋಗಿಬಿಡುತ್ತಿತ್ತು. ಪೈಪಿಗೆ ಪೈಪು ಕೂರಿಸಿ, ಸಲ್ಯೂಷನ್ ಎಂಬ ಆ ಘಾಟು ಅಂಟನ್ನು ಹಚ್ಚುವ ಹೊತ್ತಿಗೆ, "ಸದ್ಯಕ್ಕೆ ಕೂರಿಸಿದೀನಿ, ಆಮೇಲೆ ಬಂದು ಅಂಟು ಹಾಕ್ತೀನಿ," ಎಂದು ಚೀಲ ಹೆಗಲಿಗೇರಿಸುತ್ತಿದ್ದ. ಬೀದಿಯವರು ಅವನ ಬೆನ್ನ ಹಿಂದೆ 'ಸದ್ಯಕ್ಕೆ ಸಾಹೇಬರು' ಅನ್ನುತ್ತಿದ್ದರು. ಹೆಂಡತಿ ಎದುರಿಗೇ ಅನ್ನುತ್ತಿದ್ದಳು.

ಮರಿ ಬಂದದ್ದು ಕಳೆದ ತಿಂಗಳು. ಯಾರದೋ ಮನೆಯ ಸಿಂಕಿನ ಕೆಳಗೆ ಮಲಗಿ ಕೆಲಸ ಮಾಡಿ ಎದ್ದು ನೋಡಿದರೆ, ಅವನ ಚೀಲದಲ್ಲಿ ಸ್ಪ್ಯಾನರಿನ ಮೇಲೆ ತಲೆಯಿಟ್ಟು ಇದು ನಿದ್ದೆ ಹೊಡೆಯುತ್ತಿತ್ತು. ಆ ಮನೆಯವರು, "ನಮ್ಮಲ್ಲಿ ಇನ್ನೂ ಬೇಕಾದಷ್ಟಿವೆ, ತಗೊಂಡು ಹೋಗಿ," ಎಂದರು. ಆ ದಿನ ಅವನಿಗೆ ಬೇರೆ ಯಾವ ಕೆಲಸವೂ ನೆನಪಾಗಲಿಲ್ಲ. ಚೀಲ ಸಮೇತ ಮನೆಗೆ ಬಂದ. ಹೆಂಡತಿ ಬೈಯಲು ಬಾಯಿ ತೆರೆದವಳು ಮರಿಯನ್ನು ಎತ್ತಿಕೊಂಡು, ಬೈಗುಳವನ್ನು ಹಾಗೇ ನುಂಗಿದಳು. ಅಂದಿನಿಂದ ಅವರ ಮನೆಯಲ್ಲಿ ಜಗಳಗಳು ಅರ್ಧಕ್ಕಿಳಿದಿದ್ದವು. ಆ ಮರಿ ಹೋದರೆ ಮನೆ ಬಿಕೋ ಅನ್ನುತ್ತದೆಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.

ಆದರೆ ಮರಿ ಬಂದ ಮಾರನೆಯ ದಿನವೇ ಆ ಮೂಲೆ ಒದ್ದೆಯಾಗತೊಡಗಿತು. ಪ್ರತಿ ಸಲವೂ ಮರಿ ಅದರ ಪಕ್ಕದಲ್ಲೇ ತಣ್ಣಗೆ ಹೊಟ್ಟೆ ಹಚ್ಚಿ ಮಲಗಿರುತ್ತಿತ್ತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ವಾಸನೆ ನೋಡೋಣವೆಂದರೆ ಹೆಂಡತಿಯ ಫಿನೈಲ್ ಮೊದಲೇ ಹಾಜರಿರುತ್ತಿತ್ತು. ಇನ್ನು ಪ್ಲಂಬರನ ಮೂಗೋ, ವರ್ಷಗಟ್ಟಲೆ ಮೋರಿಗಳ ಸಹವಾಸದಿಂದ ಸ್ವಯಂ ನಿವೃತ್ತಿ ತೆಗೆದುಕೊಂಡಿತ್ತು.

ಮರಿಗೆ ಶಿಸ್ತು ಕಲಿಸಲು ಅವನೊಂದು ಗೂಡು ಮಾಡಿದ್ದ. ಮರಿ ತಾನು ಮಲಗುವ ಜಾಗವನ್ನು ತಾನೇ ಗಲೀಜು ಮಾಡಿಕೊಳ್ಳುವುದಿಲ್ಲವಂತೆ, ಯಾರೋ ಹೇಳಿದ್ದರು. ಉಳಿದ ಪೈಪಿನ ತುಂಡುಗಳನ್ನು ಸೇರಿಸಿ, ಮೂಲೆಮೂಲೆಗೆ ಎಲ್ಬೋ ಎಂಬ ಬಾಗಿದ ತುಂಡು ಕೂರಿಸಿ, ಮುಂದೆ ಒಂದು ಬಾಗಿಲು, ಅದಕ್ಕೊಂದು ಚಿಲಕ. ಕುರಿಯನ್ನೂ ಕೂಡಿಹಾಕಬಹುದಾದಷ್ಟು ದೊಡ್ಡದು. "ಗೋಡೆ ಇಲ್ಲದ ಬಚ್ಚಲುಮನೆ ಇದ್ದ ಹಾಗಿದೆ," ಎಂದಿದ್ದಳು ಹೆಂಡತಿ.

ಆ ಭಾನುವಾರ ಪ್ಲಂಬರ್ ಟೊಂಕ ಕಟ್ಟಿ ನಿಂತ. ಮರಿ ಉಂಡ ಕೂಡಲೇ ಹೊರಗೆ, ನಿದ್ದೆಯಿಂದ ಎದ್ದ ಕೂಡಲೇ ಹೊರಗೆ, ಆಟ ಮುಗಿದ ಕೂಡಲೇ ಹೊರಗೆ. ಎದುರಿನ ಮರದ ಬುಡದಲ್ಲಿ ಮರಿ ಮೂಸಿತು, ಸುತ್ತಿತು, ಆಲೋಚಿಸಿತು, ಕೊನೆಗೆ ಕೂತು ಕೆಲಸ ಮುಗಿಸಿತು. ಪ್ಲಂಬರ್ ಕುಣಿದಾಡಿದ.

"ಶಭಾಷ್ ನನ್ನ ರಾಜ! ಎಂಥಾ ಕೆಲಸ ಮಾಡಿದೆಯೋ! ತಗೋ ಬಿಸ್ಕತ್ತು!"

"ಇಷ್ಟು ವರ್ಷ ಬೇಯಿಸಿ ಹಾಕಿದೀನಿ," ಎಂದಳು ಬಾಗಿಲಲ್ಲಿ ನಿಂತ ಹೆಂಡತಿ. "ಇಂಥ ಒಂದು ಶಭಾಷ್ ನನ್ನ ಕಿವಿಗೆ ಬಿದ್ದಿಲ್ಲ."

ಈ ಕೂಗಿಗೆ ಎದುರು ಮನೆಯ ಡ್ರಿಲ್ ಮೇಷ್ಟ್ರು ಹೊರಬಂದರು. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಅವರ ಕೊರಳಲ್ಲಿ ಸೀಟಿ ಇನ್ನೂ ನೇತಾಡುತ್ತಿತ್ತು.

"ಅಲ್ರೀ ಪ್ಲಂಬರ್, ಹೀಗೆ ಮುದ್ದು ಮಾಡಿದ್ರೆ ಕಲಿಯುತ್ತಾ? ಸೀಟಿ ಊದ್ಬೇಕು. ಸೀಟಿ ಕೇಳಿದ ಕೂಡ್ಲೇ ಕೆಲಸ ಆಗ್ಬೇಕು."

ಊದಿದರು. ಮರಿ ಬೆದರಿ ಪ್ಲಂಬರನ ಪ್ಯಾಂಟಿನೊಳಗೆ ನುಗ್ಗಲು ನೋಡಿತು. ಬೀದಿಯ ದೊಡ್ಡ ನಾಯಿಗಳೆಲ್ಲ ಎಲ್ಲಿದ್ದವೋ ಬಂದು ಸಾಲಾಗಿ ನಿಂತವು. ಮೇಷ್ಟ್ರಿಗೆ ಸಂತೋಷವೋ ಸಂತೋಷ.

"ಇನ್ನೊಂದು ದಾರಿ ಇದೆ," ಎಂದರು ದನಿ ತಗ್ಗಿಸಿ. "ನಾನು ಹುಡುಗರಿಗೆ ಕಲಿಸ್ವಾಗ ಮೊದ್ಲು ನಾನೇ ಮಾಡಿ ತೋರಿಸ್ತಿದ್ದೆ. ನೀವೂ ಆ ಮರದ ಹತ್ರ..."

"ಮೇಷ್ಟ್ರೇ!"

"ನಿಮ್ಮಿಷ್ಟ. ಕಲಿಸೋದು ಅಂದ್ರೆ ನಾಚ್ಕೊಳ್ಳೋ ಹಾಗಿಲ್ಲ."

ಒಳಗೆ ಬಂದರೆ ಪಕ್ಕದ ಮನೆಯ ಟೈಲರಕ್ಕ ಅಳತೆ ಟೇಪು ಹಿಡಿದು ಗೂಡಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದಳು. ಗೂಡಿಗೆ ಪರದೆ ಇಲ್ಲದಿದ್ದರೆ ಮರಿಗೆ ಮನೆಯೆಂಬ ಭಾವನೆ ಬರುವುದಾದರೂ ಹೇಗೆ ಎಂಬುದು ಅವಳ ವಾದ. ಮಧ್ಯಾಹ್ನದ ಹೊತ್ತಿಗೆ ಹೂವಿನ ಚಿತ್ತಾರದ ಪರದೆ ಹೊಲಿದು ತಂದೇಬಿಟ್ಟಳು. ಮರಿ ಪರದೆಯನ್ನು ನೋಡಿ ಒಳಗೆ ಕಾಲಿಡಲು ಒಪ್ಪಲಿಲ್ಲ.

"ಅಣ್ಣಾ, ಅದಕ್ಕೆ ಹೆದರಿಕೆ. ನೀವು ಒಂದ್ಸಲ ಒಳಗೆ ಹೋಗಿ ಕೂತ್ಕೊಳ್ಳಿ. ಒಳಗೆ ಚೆನ್ನಾಗಿದೆ ಅಂತ ಅದಕ್ಕೆ ಗೊತ್ತಾಗ್ಲಿ."

"ನಾನಾ?"

"ಹೋಗ್ರೀ," ಎಂದಳು ಹೆಂಡತಿ. "ಮರಿ ಉಳೀಬೇಕೋ ಬೇಡ್ವೋ?"

ಆ ಪ್ರಶ್ನೆಗೆ ಅವನಲ್ಲಿ ಒಂದೇ ಉತ್ತರವಿತ್ತು. ಮೊಣಕಾಲೂರಿ, ತಲೆ ತೂರಿಸಿ, ಉಸಿರು ಬಿಗಿಹಿಡಿದು ಒಳಗೆ ಸೇರಿದ. ಮೊಣಕಾಲು ಗಲ್ಲಕ್ಕೆ ತಾಗಿತು. ಸೀಟಿಯ ಸಮೇತ ಹಿಂದೆಯೇ ಬಂದಿದ್ದ ಡ್ರಿಲ್ ಮೇಷ್ಟ್ರು, "ಬಾಗಿಲು ಹಾಕೋದೂ ತೋರಿಸ್ಬೇಕಲ್ವಾ," ಎಂದು ಚಿಲಕ ಸರಿಸಿದರು. ಸರಿಸಿದ ಚಿಲಕ ಹಿಂದಕ್ಕೆ ಬರಲಿಲ್ಲ. ಮೇಷ್ಟ್ರು ಎಳೆದರು, ಟೈಲರಕ್ಕ ಕತ್ತರಿಯಿಂದ ಮೀಟಿದಳು. ಒಳಗೆ ಪ್ಲಂಬರ್ ಬೆವರಿನಲ್ಲಿ ತೊಯ್ದು ಕುಳಿತ. ಮರಿಗೆ ಮಾತ್ರ ಪರಮಾನಂದ. ಸರಳುಗಳ ಸಂದಿಯಿಂದ ಮೂತಿ ತೂರಿಸಿ ಅವನ ಮೂಗು ನೆಕ್ಕಿತು.

"ಸ್ವಲ್ಪ ನಗಿ ಅಣ್ಣಾ, ಮುಖ ಗಂಟು ಹಾಕ್ಕೊಂಡ್ರೆ ಅದು ಒಳಗೆ ಬರುತ್ತಾ?"

ಪ್ಲಂಬರ್ ನಕ್ಕ. ನಕ್ಕ ರಭಸಕ್ಕೆ ಭುಜ ಅಲುಗಿತು, ಭುಜ ಅಲುಗಿದ್ದಕ್ಕೆ ಒಂದು ಎಲ್ಬೋ ಕಳಚಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಇಡೀ ಗೂಡು ಸದ್ದು ಮಾಡುತ್ತ ಬಿಚ್ಚಿಕೊಂಡು, ಪ್ಲಂಬರ್ ಪೈಪುಗಳ ನಡುವೆ ಹೂವಿನ ಪರದೆ ಹೊದ್ದು ಕುಳಿತುಬಿಟ್ಟ.

"ಅಂಟು ಹಾಕಿರ್ಲಿಲ್ವಾ?" ಕೇಳಿದಳು ಹೆಂಡತಿ.

"ಸದ್ಯಕ್ಕೆ ಕೂರಿಸಿದ್ದೆ."

ಸದ್ಯಕ್ಕೆ ಅದು ಒಳ್ಳೆಯದೇ ಆಗಿತ್ತು. ಪೈಪುಗಳನ್ನು ಮತ್ತೆ ಜೋಡಿಸಿ ನಿಲ್ಲಿಸಿದಾಗ ಆಶ್ಚರ್ಯ ಕಾದಿತ್ತು. ಯಜಮಾನನ ಬೆವರಿನ ವಾಸನೆ ಹತ್ತಿದ ಗೂಡಿನೊಳಗೆ ಮರಿ ತಾನಾಗಿಯೇ ನಡೆದುಹೋಗಿ, ಎರಡು ಸುತ್ತು ಸುತ್ತಿ, ಮುದುರಿ ಮಲಗಿತು. ಬಾಗಿಲು ಹಾಕಿದರೂ ಕುಂಯ್ ಅನ್ನಲಿಲ್ಲ. ಎದ್ದಾಗ ಗೂಡೊಳಗೆ ಒಂದು ಹನಿ ಇರಲಿಲ್ಲ. ಬಾಗಿಲು ತೆಗೆದದ್ದೇ ಸೀದಾ ಮರದ ಬುಡಕ್ಕೆ ಓಡಿತು. ಟೈಲರಕ್ಕನ ಕಣ್ಣಲ್ಲಿ ನೀರು ಬಂತು. ಇದು ತಮ್ಮ ಸೀಟಿಯ ಫಲ ಎಂದರು ಮೇಷ್ಟ್ರು.

ಸಂಜೆಯಾಯಿತು. ಮರಿಯನ್ನು ಕೊನೆಯ ಸಲ ಹೊರಗೆ ತಿರುಗಾಡಿಸಿ ತಂದು, ಗೂಡಿಗೆ ಸೇರಿಸಿ, ಸರಿಮಾಡಿದ ಚಿಲಕ ಹಾಕಿದರು. ನಾಲ್ವರೂ ಗೂಡಿನ ಎದುರು ಕೂತು ಮರಿಯ ಉಸಿರಾಟವನ್ನೇ ನೋಡತೊಡಗಿದರು. ಪ್ಲಂಬರನ ಸ್ಟೂಲು ಮೂಲೆಯ ಹತ್ತಿರ, ಆದರೆ ಅವನ ಬೆನ್ನು ಮೂಲೆಗೆ. ಮೂಲೆ ಒಣಗಿತ್ತು. ಕಳ್ಳನೇ ಸೆರೆಯಲ್ಲಿದ್ದ ಮೇಲೆ ಮೂಲೆಯನ್ನು ನೋಡುವುದೇನಿದೆ?

ಮಹಡಿಯ ಮೇಲೆ ನೀರು ಸುರಿಯುವ ಸದ್ದು ಕೇಳಿಸಿತು.

"ಬಚ್ಚಲು ಹೊಸದಾದಾಗಿಂದ ಓನರಮ್ಮಂಗೆ ಬೆಳಿಗ್ಗೆ ಸಂಜೆ ಸ್ನಾನ," ಎಂದಳು ಹೆಂಡತಿ.

"ಮಾಡ್ಲಿ ಬಿಡು," ಎಂದ ಪ್ಲಂಬರ್. "ಇವತ್ತು ಅವರು ಎಷ್ಟು ಶುಭ್ರವಾಗಿ ಬಂದ್ರೂ ನಮ್ಮ ಮೂಲೆ ಅದಕ್ಕಿಂತ ಶುಭ್ರವಾಗಿರುತ್ತೆ."

ಓನರಮ್ಮ ಘಮಘಮಿಸುತ್ತ ಇಳಿದು ಬಂದರು. ಬಾಗಿಲಲ್ಲೇ ನಿಂತು ತೋರುಬೆರಳು ಎತ್ತಿದರು.

ಎಲ್ಲರೂ ತಿರುಗಿ ನೋಡಿದರು. ಮೂಲೆಯಲ್ಲಿ ತಟ್ಟೆಯಗಲದ ಒದ್ದೆ ಹೊಳೆಯುತ್ತಿತ್ತು.

ಎಂಟು ಕಣ್ಣುಗಳು ಗೂಡಿನ ಕಡೆ ಹೊರಳಿದವು. ಚಿಲಕ ಹಾಕಿದ್ದು ಹಾಕಿದಂತೆಯೇ ಇತ್ತು. ಮರಿ ಸಣ್ಣಗೆ ಗೊರಕೆ ಹೊಡೆಯುತ್ತಿತ್ತು. ಆಮೇಲೆ ಆ ಕಣ್ಣುಗಳೆಲ್ಲ ನಿಧಾನವಾಗಿ ಮೂಲೆಗೆ ಅತ್ಯಂತ ಹತ್ತಿರದಲ್ಲಿ ಕೂತಿದ್ದವನ ಕಡೆ ತಿರುಗಿದವು.

"ಪ್ಲಂಬರ್," ಎಂದರು ಡ್ರಿಲ್ ಮೇಷ್ಟ್ರು ಅನುಕಂಪದಿಂದ, "ಮಾಡಿ ತೋರಿಸಿ ಅಂದಿದ್ದು ನಿಜ. ಆದ್ರೆ ನಾನು ಹೇಳಿದ್ದು ಮರದ ಹತ್ರ."

"ರೀ!" ಎಂದಳು ಹೆಂಡತಿ.

ಪ್ಲಂಬರನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಮಾನ ಒಂದು ಕಡೆ, ಮರಿ ಒಂದು ಕಡೆ. ಅವನು ಎದ್ದು ಮೂಲೆಯಲ್ಲಿ ಮೊಣಕಾಲೂರಿದ. ಒದ್ದೆಯನ್ನು ಬೆರಳಿಂದ ಮುಟ್ಟಿದ. ಗೋಡೆಯ ಬುಡವನ್ನು ತಟ್ಟಿದ, ಇನ್ನಷ್ಟು ಮೇಲೆ ತಟ್ಟಿದ, ಗೋಡೆಗೆ ಕಿವಿ ಹಚ್ಚಿದ. ಒಂದು ತಿಂಗಳಿನಿಂದ ಮರಿಯ ಮೋಹದಲ್ಲಿ ಮಲಗಿದ್ದ ಕಸುಬು ಆಗ ಎಚ್ಚರಗೊಂಡಿತು.

"ಟೈಲರಕ್ಕಾ, ಬಾ ಇಲ್ಲಿ. ಇದರ ವಾಸನೆ ನೋಡು."

"ನಾನು ನೋಡಲ್ಲಪ್ಪ!"

"ನೋಡಕ್ಕಾ, ನನ್ನ ಮೂಗು ಸತ್ತು ಎಷ್ಟೋ ಕಾಲ ಆಯ್ತು. ಮರಿ ಜೀವ ನಿನ್ನ ಮೂಗಲ್ಲಿದೆ."

ಟೈಲರಕ್ಕ ಕಣ್ಣು ಮುಚ್ಚಿ ಬಾಗಿದಳು. ಮೂಸಿದಳು. ಕಣ್ಣು ಬಿಟ್ಟಳು. ಓನರಮ್ಮನ ಹತ್ತಿರ ಹೋಗಿ ಅವರ ಭುಜ ಮೂಸಿದಳು. ಮತ್ತೆ ಮೂಲೆಗೆ ಬಂದು ಮೂಸಿದಳು.

"ಗುಲಾಬಿ ಸೋಪು!" ಎಂದು ಕಿರುಚಿದಳು. "ಇದು ಓನರಮ್ಮನ ಸ್ನಾನದ ನೀರು!"

ಪ್ಲಂಬರ್ ಎದ್ದು ನಿಂತ. ಆ ಕ್ಷಣದಲ್ಲಿ ಅವನು ಒಂದು ಮೊಳ ಎತ್ತರವಾದಂತೆ ಕಂಡ. ಚಿಲಕ ತೆಗೆದು, ಮರಿಯನ್ನು ಎತ್ತಿ ಎದೆಗವಚಿಕೊಂಡ. ನಿದ್ದೆಗಣ್ಣಿನ ಮರಿ ಎಲ್ಲರನ್ನೂ ಕ್ಷಮಿಸುವಂತೆ ಆಕಳಿಸಿತು.

"ಕೇಳಿ! ಒಂದು ತಿಂಗಳಿಂದ ಈ ಬಾಯಿಲ್ಲದ ಜೀವಕ್ಕೆ ಎಷ್ಟು ಬೈದ್ರಿ! ಫಿನೈಲ್ ಏನು, ಸೀಟಿ ಏನು! ಮೂಲೆ ಒದ್ದೆ ಮಾಡಿದ್ದು ಇದಲ್ಲ. ಮೇಲಿನ ಬಚ್ಚಲ ನೀರು ಹೋಗೋ ಪೈಪಿನ ಜಾಯಿಂಟು! ಗೋಡೆಯೊಳಗಿಂದ ಇಳೀತಾ ಇದೆ!"

ಡ್ರಿಲ್ ಮೇಷ್ಟ್ರು ಚಪ್ಪಾಳೆ ತಟ್ಟಿದರು. ಟೈಲರಕ್ಕ ತಟ್ಟಿದಳು. ಹೆಂಡತಿ ಗಂಡನನ್ನು ಮದುವೆಯ ದಿನ ನೋಡಿದ್ದಕ್ಕಿಂತ ಹೆಚ್ಚಿನ ಅಭಿಮಾನದಿಂದ ನೋಡಿದಳು. ಆ ಚಪ್ಪಾಳೆ ಅವನ ತಲೆಗೇರಿತು.

"ಅಂಟೇ ಹಾಕದೆ ಜಾಯಿಂಟ್ ಕೂರಿಸಿ ಹೋಗಿದಾನೆ ಅಂದ್ರೆ ಎಂಥಾ ಮುಠ್ಠಾಳ ಇರ್ಬೇಕು ಅವನು! ಕಲಿಸ್ಬೇಕಾದ್ದು ಮರಿಗಲ್ಲ, ಅವನಿಗೆ! ಹಿಡಿದು ಗೂಡಿಗೆ ಹಾಕಿ ಚಿಲಕ ಹಾಕ್ಬೇಕು! ಪೂರ್ತಿ ಕೆಲಸ ಮುಗಿಸೋವರೆಗೂ ಹೊರಗೆ ಬಿಡಬಾರದು!"

ಚಪ್ಪಾಳೆ ನಿಂತಿತು. ಹೆಂಡತಿ ಇದ್ದಕ್ಕಿದ್ದಂತೆ ಸೀರೆಯ ನೆರಿಗೆ ಸರಿಮಾಡಿಕೊಳ್ಳತೊಡಗಿದಳು.

"ಸರಿಯಾಗಿ ಹೇಳಿದೆ ನೋಡು," ಎಂದರು ಓನರಮ್ಮ, ಬಹಳ ಮೃದುವಾಗಿ. "ಕಳೆದ ತಿಂಗಳು ಬಂದು ಕೂರಿಸಿದ ಆ ಮುಠ್ಠಾಳ. 'ಸದ್ಯಕ್ಕೆ ಕೂರಿಸಿದೀನಿ ಅಮ್ಮಾ, ಸಂಜೆ ಬಂದು ಅಂಟು ಹಾಕ್ತೀನಿ' ಅಂದ. ಅವತ್ತು ಸಂಜೆ ಮೇಲಿಂದ ನೋಡ್ತೀನಿ, ಚೀಲದಲ್ಲಿ ನಾಯಿಮರಿ ಹಾಕ್ಕೊಂಡು ಹಾಡು ಹೇಳ್ತಾ ಬರ್ತಾ ಇದಾನೆ. ಇವತ್ತಿನವರೆಗೂ ಅವನ ಸಂಜೆ ಆಗಿಲ್ಲ."

ಪ್ಲಂಬರನ ಎತ್ತರ ಮೊದಲಿದ್ದಷ್ಟಕ್ಕೇ ಇಳಿಯಿತು. ಅಲ್ಲಿಗೂ ನಿಲ್ಲಲಿಲ್ಲ.

"ಮರಿ ಈ ಮನೇಲೇ ಇರ್ಲಿ," ಎಂದು ಓನರಮ್ಮ ಅದನ್ನು ಅವನ ತೋಳಿನಿಂದ ಎತ್ತಿಕೊಂಡರು. "ತಪ್ಪಿಲ್ಲದೆ ಬೈಸ್ಕೊಂಡಿದೆ ಪಾಪ. ನೀನು ಮೇಲೆ ನಡಿ."

ಹೀಗೆ ಆ ಸಂಜೆ ಪ್ಲಂಬರ್ ಮಹಡಿಯ ಬಚ್ಚಲುಮನೆಯ ಮೂಲೆಯಲ್ಲಿ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕುಳಿತಿದ್ದ. ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ಹೊರಗೆ ಕುರ್ಚಿಗಳ ಸಾಲು. ಮರಿ ಓನರಮ್ಮನ ಮಡಿಲಲ್ಲಿತ್ತು.

"ಆಯ್ತಾ?" ಎಂದು ಕೇಳಿದರು ಓನರಮ್ಮ.

"ಆಯ್ತು ಅಮ್ಮಾ, ಸದ್ಯಕ್ಕೆ..."

"ಇನ್ನೂ ಕಲ್ತಿಲ್ಲ," ಎಂದರು ಓನರಮ್ಮ. ಚಿಲಕ ಅಲುಗಲಿಲ್ಲ.

ಒಳಗೆ ಚೀಲ ತಡಕಾಡುವ ಸದ್ದಾಯಿತು. ಆಮೇಲೆ ಸಲ್ಯೂಷನ್ನಿನ ಘಾಟು ಬಾಗಿಲ ಸಂದಿಯಿಂದ ಹೊರಬಂತು. ಟೈಲರಕ್ಕ ಮೂಸಿ ನೋಡಿ, ಹೌದೆಂದು ತಲೆಯಾಡಿಸಿದಳು.

"ಅಂಟು ಹಾಕಿದೀನಿ ಅಮ್ಮಾ. ಒಣಗಿದೆ. ನೀರೂ ಬಿಟ್ಟು ನೋಡಿದೆ. ಪೂರ್ತಿ ಮುಗೀತು."

ಚಿಲಕ ಸರಿಯಿತು. ಬಾಗಿಲಲ್ಲಿ ಹೆಂಡತಿ ಬಿಸ್ಕತ್ತು ಹಿಡಿದು ನಿಂತಿದ್ದಳು.

"ಶಭಾಷ್ ನನ್ನ ರಾಜ!" ಎಂದಳು. "ಎಂಥಾ ಕೆಲಸ ಮಾಡಿದೆಯೋ!"

"ಪರವಾಗಿಲ್ಲ," ಎಂದರು ಡ್ರಿಲ್ ಮೇಷ್ಟ್ರು, ಸೀಟಿಯನ್ನು ಅಂಗಿಯೊಳಗೆ ಇಳಿಬಿಡುತ್ತ. "ಮರಿಗಿಂತ ಬೇಗ ಕಲಿತ್ರು."

ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲವಾದ್ದರಿಂದ ಪ್ಲಂಬರ್ ಬಿಸ್ಕತ್ತಿಗೆ ಕೈ ಚಾಚಿದ. ಅಷ್ಟರಲ್ಲಿ ಮರಿ ಓನರಮ್ಮನ ಮಡಿಲಿನಿಂದ ಜಿಗಿದು ಅದನ್ನು ಕಚ್ಚಿಕೊಂಡು, ಮೆಟ್ಟಿಲಿಳಿದು, ತನ್ನ ಗೂಡಿಗೆ ಓಡಿಹೋಯಿತು.