ಸಿಗ್ನಲ್ಲಿಗೆ ಅಡ್ಡ ನಿಂತ ಎಮ್ಮೆಗೊಂದು ಮನವಿ

ಮಾನ್ಯ ಕಾಳಮ್ಮನವರೇ,

ಹೊನ್ನಯ್ಯನವರ ಕೊಟ್ಟಿಗೆಯ ಮೂಲೆಗೂಟದಲ್ಲಿ ವಿರಾಜಮಾನರಾಗಿರುವ ತಮಗೆ, ಇದೇ ಊರಿನ ಏಕೋಪಾಧ್ಯಾಯ ಶಾಲೆಯ ಸೌಮ್ಯ ಟೀಚರ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಬಾಯಿಮಾತಿಗಲ್ಲ. ಹೋದ ಶನಿವಾರ ತಮ್ಮ ಸಗಣಿಯ ಮೇಲೆ ಜಾರಿಬಿದ್ದು ಅದನ್ನು ಖುದ್ದಾಗಿ ಸಲ್ಲಿಸಿದ್ದೇನೆ. ತಾವೂ ತಮ್ಮ ಕರುವೂ ಕ್ಷೇಮವೆಂದು ತಮ್ಮ ಹಾಲು ಕರೆಯುವ ಯಶೋದಮ್ಮನವರಿಂದ ತಿಳಿದು ಸಂತೋಷವಾಯಿತು.

ತಮಗೆ ತಿಳಿಯದ್ದೇನಿದೆ, ಆದರೂ ಪದ್ಧತಿಯಂತೆ ಅರಿಕೆ ಮಾಡುತ್ತೇನೆ. ಒಂಬತ್ತು ವರ್ಷದಿಂದ ಐದು ತರಗತಿಗೆ ನಾನೊಬ್ಬಳೇ. ಪಾಠದ ವಿಚಾರ ಮಾತಾಡೋಣವೆಂದರೆ ಇನ್ನೊಬ್ಬ ಮೇಷ್ಟರ ಮುಖ ಕಂಡಿಲ್ಲ. ಹೀಗಿರುವಾಗ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಕೆಲವು ಟೀಚರುಗಳು ಪ್ರತಿ ಶನಿವಾರ ಮಧ್ಯಾಹ್ನ ಮೊಬೈಲಿನಲ್ಲೇ ಮುಖಾಮುಖಿ ಕೂಡುತ್ತಾರೆಂದು ಕೇಳಿ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ನನ್ನ ಮೂರನೇ ತರಗತಿಯ ಪ್ರಿಯಾಂಕ ಬಾಯಲ್ಲಿ ಲೆಕ್ಕ ಹೇಳಿದರೆ ಸಂತೆ ವ್ಯಾಪಾರಿಯೂ ಬೆರಗಾಗಬೇಕು, ಅದೇ ಸ್ಲೇಟು ಕೊಟ್ಟರೆ ಒಂದಂಕಿಯನ್ನೂ ಬರೆಯದೆ ಅತ್ತುಬಿಡುತ್ತದೆ ಮಗು. ಏನು ಮಾಡಲಿ ಅಂತ ಯಾರನ್ನಾದರೂ ಕೇಳಬೇಕಿತ್ತು, ಅಷ್ಟೇ. ನನ್ನ ಹಣೆಬರಹಕ್ಕೆ ಇಡೀ ಊರಿನಲ್ಲಿ ಸಿಗ್ನಲ್ ಸಿಗುವುದು ತಮ್ಮ ಗೂಟದ ಬಳಿ ಮಾತ್ರ.

ಮೊದಲ ಶನಿವಾರ ಗೋಡೆಗೂಡಿನಲ್ಲಿ ಮೊಬೈಲ್ ಇಟ್ಟು ನಾನು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ತಾವು ಅದರೆದುರು ಮುಖವಿಟ್ಟಿರಿ. ಮೆಲುಕು ಹಾಕುತ್ತಾ ಒಂದು ಗಂಟೆ ತಲೆಯಾಡಿಸಿದ ತಮ್ಮ ಪರಿಯನ್ನು ಕಂಡು ಮದ್ದೂರಿನ ಮಧುಕರ ಮೇಷ್ಟ್ರು, ತನ್ನ ಮಾತನ್ನು ಇಷ್ಟು ತಾಳ್ಮೆಯಿಂದ ಕೇಳಿದವರು ಸರ್ವೀಸಿನಲ್ಲೇ ಸಿಕ್ಕಿರಲಿಲ್ಲವೆಂದು ಕಣ್ಣೊರೆಸಿಕೊಂಡರು. ಎರಡನೇ ಶನಿವಾರ, ತಮ್ಮನ್ನು ಬೇರೆ ಕಡೆ ಕಟ್ಟಿರೆಂದು ಹೊನ್ನಯ್ಯನವರನ್ನು ಬೇಡಿಕೊಂಡರೆ, "ಬುಡಿ ಮೇಡಂ, ಅದೂ ವಸಿ ಕಲೀಲಿ, ಗೂಟ ಬದ್ಲಾಯ್ಸುದ್ರೆ ಆಲು ಕೊಡಾಕಿಲ್ಲ" ಎಂದುಬಿಟ್ಟರು. ಅವತ್ತು ನಾನು ಹಿಂದಿನಿಂದ ಗಂಟಲು ಹರಿದುಕೊಂಡದ್ದು ಯಾರಿಗೂ ಕೇಳಲಿಲ್ಲ. ತಾವು ಒಂದೇ ಒಂದು ಸಲ ಕೂಗಿದ್ದಕ್ಕೆ, ಅನುಭವದ ಮಾತೆಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಮೂರನೇ ಶನಿವಾರ ನಾಚಿಕೆ ಬಿಟ್ಟು ತಮ್ಮ ಗದ್ದದ ಕೆಳಗೆ ತಲೆ ತೂರಿಸಿ ಪ್ರಿಯಾಂಕಳ ವಿಚಾರ ಕೇಳಿಯೇಬಿಟ್ಟೆ. ಸೋಮನಹಳ್ಳಿಯ ವೀಣ ಟೀಚರ್, "ಅಯ್ಯೋ, ನಮ್ ಸ್ಕೂಲಲ್ಲೂ ಇಂಥದ್ದೇ ಒಂದು ಮಗು ಇತ್ತು ಕಣ್ರೀ, ಈಗ ಚೆನ್ನಾಗಿ ಬರೀತದೆ, ಮೊದಲು ನೀವೇನ್ ಮಾಡಿ ಅಂದ್ರೆ" ಎನ್ನುವಷ್ಟರಲ್ಲಿ ತಾವು ನಾಲಿಗೆ ಚಾಚಿ ಮೊಬೈಲನ್ನು ಕಲಗಚ್ಚಿನ ಬಾನಿಗೆ ಕೆಡವಿದಿರಿ. ಒಂಬತ್ತು ವರ್ಷ ಕಾದ ಮಾತು, ಕಾಳಮ್ಮನವರೇ! ಬಾನಿಯ ಪಕ್ಕದಲ್ಲೇ ಕೂತು ಅತ್ತೆ.

ವೀಣ ಟೀಚರ ಉಳಿದರ್ಧ ಮಾತು ಕಲಗಚ್ಚಿನ ಜೊತೆ ತಮ್ಮ ಹೊಟ್ಟೆ ಸೇರಿರುವುದರಿಂದ, ಮೆಲುಕು ಹಾಕುವಾಗ ಅದು ಬಾಯಿಗೆ ಬಂದರೆ ದಯಮಾಡಿ ಲಿಖಿತವಾಗಿ ತಿಳಿಸಬೇಕು. ಅದಾಗದಿದ್ದರೆ ತಮ್ಮ ಎರಡು ಕೊಂಬುಗಳಲ್ಲಿ ಒಂದನ್ನು ಶಾಲೆಯ ಸೂರಿನ ಮೇಲೆ ನೆಡಲು ಎರವಲು ಕೊಡಬೇಕು; ಸಿಗ್ನಲ್ ಇರುವುದು ಗೂಟದಲ್ಲಲ್ಲ, ಕೊಂಬಿನಲ್ಲಿ ಎಂಬುದು ಊರವರ ಅಭಿಪ್ರಾಯ.

ತಮಗೆ ಹುಲ್ಲು, ಹಿಂಡಿಗೆ ಎಂದೂ ಕೊರತೆಯಾಗದಿರಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಸೌಮ್ಯ

ವಿ.ಸೂ.: ಶನಿವಾರದ ಕೂಟದವರು ಅಂಚೆಯಲ್ಲಿ ಕಳಿಸಿದ 'ಅತ್ಯುತ್ತಮ ಶಿಕ್ಷಕಿ' ಪ್ರಮಾಣಪತ್ರ ತಲುಪಿದೆ, ಹೆಸರು ನನ್ನದು, ಫೋಟೋ ತಮ್ಮದು. ಸೋಮವಾರ ಮೊದಲ ಬಸ್ಸಿಗೆ ಪ್ರಿಯಾಂಕಳನ್ನು ಕರೆದುಕೊಂಡು ಸೋಮನಹಳ್ಳಿಗೆ ಹೋಗಿ, ವೀಣ ಟೀಚರ ಎದುರಿಗೇ ಕೂತು ಪೂರ್ತಿ ಮಾತು ಕೇಳಿಕೊಂಡು ಬರುತ್ತೇನೆ. ಅವತ್ತು ಐದೂ ತರಗತಿ ತಮ್ಮದು; ಸಾಹೇಬರು ಯಾರಾದರೂ ತಪಾಸಣೆಗೆ ಬಂದರೆ ಸುಮ್ಮನೆ ತಲೆಯಾಡಿಸಿ, ಸಾಕು.